ಸುಂದರಿಯ ಮಂಗಳವಾರ

ಸತ್ತವರ ಬಗ್ಗೆ ಐದು ನಿಮಿಷ ಮಾತಾಡುವುದಕ್ಕೆ ನಮ್ಮ ಕಡೆ ನನ್ನಷ್ಟು ಬೇಡಿಕೆ ಇರುವವನು ಇನ್ನೊಬ್ಬನಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕಿನಲ್ಲಿ ಯಾರ ಬೊಜ್ಜವೇ ಇರಲಿ, ಹದಿಮೂರನೆಯ ದಿನದ ಆ ಊಟಕ್ಕೆ ಎಲೆ ಹಾಕುವ ಮೊದಲು ಒಂದು ನುಡಿನಮನ ಆಗಲೇಬೇಕು. ಮೈಕು ಹಿಡಿಯಲು ಜನ ನನ್ನನ್ನು ಕರೆಯುತ್ತಾರೆ. ಹೆಸರು ಪದ್ಮಯ್ಯ, ಆದರೆ ಬಸ್ಸಿನ ಕಂಡಕ್ಟರ್ ಕೂಡ ಕರೆಯುವುದು ನಿರೂಪಕರೇ ಎಂದು. ಅದರ ಜೊತೆಗೆ ಬೆಳ್ತಂಗಡಿಯ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತೇನೆ.

ಗಂಡಸರ ನುಡಿನಮನಕ್ಕೆ ಸ್ವಲ್ಪ ಕೆಲಸ ಉಂಟು. ಯಾವ ಸೊಸೈಟಿಯ ನಿರ್ದೇಶಕರಾಗಿದ್ದರು, ಯಾವ ಭಜನಾ ಮಂದಿರಕ್ಕೆ ಶೀಟು ಹಾಕಿಸಿದರು, ಇದೆಲ್ಲ ಕೇಳಿ ತಿಳಿದುಕೊಳ್ಳಬೇಕು. ಹೆಂಗಸರದ್ದಕ್ಕೆ ಅಷ್ಟು ರಗಳೆ ಇಲ್ಲ. 'ಸದ್ಗೃಹಿಣಿಯಾಗಿ, ಮನೆಯ ಬೆಳಕಾಗಿ, ತೆರೆಮರೆಯಲ್ಲಿ ನಿಂತು ಎಲ್ಲರನ್ನೂ ಸಲಹಿದ ಮಹಾತಾಯಿ' ಎಂದು ಒಂದು ಹಾಳೆ ಮೊದಲೇ ತಯಾರಿತ್ತು. ಹೆಸರು ಮತ್ತು ಮಕ್ಕಳ ಸಂಖ್ಯೆ ಬದಲಿಸಿದರೆ ಮುಗಿಯಿತು. ಇದನ್ನು ನಾನು ಸ್ನೇಹಿತರ ನಡುವೆ ತಮಾಷೆಯಾಗಿ ಹೇಳುವುದೂ ಇತ್ತು.

ಆಮೇಲೆ ಒಂದು ಭಾನುವಾರ ನನ್ನ ಹೆಂಡತಿ ಸುಂದರಿಯೇ ತೀರಿಕೊಂಡಳು.

ಅವತ್ತು ಬೆಳಿಗ್ಗೆ ಹತ್ತಕ್ಕೆ ನಾನು ಬರೆಯುವ ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ಒಬ್ಬ ಗುತ್ತಿಗೆದಾರರ ನುಡಿನಮನ ಬರೆಯಲಿತ್ತು. ಹೊರಗೆ ಚಾವಡಿಯಲ್ಲಿ ಸುಂದರಿ ಎಲೆ ತಂಬಾಕು ತುಂಬಿದ ಬಿದಿರಿನ ತಡಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಾನು ಕೋಣೆ ಸೇರಿದರೆ ಅವಳು ರೇಡಿಯೊ ಆರಿಸುತ್ತಿದ್ದಳು. ಅಂಗಳಕ್ಕೆ ಯಾರಾದರೂ ಬಂದರೆ ಬಾಯಿಗೆ ಬೆರಳಿಟ್ಟು, "ಗಲಾಟೆ ಮಾಡ್ಬೇಡಿ, ಅವರು ಬರೀತಿದ್ದಾರೆ" ಎನ್ನುತ್ತಿದ್ದಳು. ಅಂದು ಬರಹ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಮಿಕ್ಸಿ ಇಲ್ಲ, ಕೆಮ್ಮಿಲ್ಲ, ಕತ್ತರಿ ನೆಲಕ್ಕಿಟ್ಟ ಸದ್ದೂ ಇಲ್ಲ. ಹನ್ನೊಂದೂವರೆಗೆ ಖುಷಿಯಲ್ಲಿ ಬಾಗಿಲು ತೆಗೆದು, "ಚಾ ಮಾಡುದಾ?" ಎಂದೆ. ಅವಳು ತಡಪೆಯ ಮೇಲೆ ಬಾಗಿಕೊಂಡಿದ್ದಳು.

ಹೋಗಿ ಒಂದು ಗಂಟೆ ದಾಟಿದೆ, ಹೃದಯ ನಿಂತದ್ದು ಎಂದರು ಡಾಕ್ಟರು. ಆ ಒಂದು ಗಂಟೆಯ ಮೌನವನ್ನು ಅವಳು ನನಗೆ ಮಾಡಿಕೊಟ್ಟ ಉಪಕಾರವೆಂದು ತಿಳಿದಿದ್ದೆ. ಇದನ್ನು ನಾನು ತಮ್ಮನಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ.

ಮೂರನೆಯ ದಿನ ತಮ್ಮ ವಸಂತ ಹತ್ತಿರ ಬಂದು ಕೂತ. ಅವನ ಮನೆಯವರೆಲ್ಲ ನಮ್ಮಲ್ಲೇ ಇದ್ದರು. ಮೂಡುಬಿದಿರೆಯಿಂದ ಮಗಳು ವಿಸ್ಮಿತಾ ಬಂದಿದ್ದಳು. ಮನೆಯೊಳಗೆ ಹದಿನೆಂಟು ಜನ.

"ಅಣ್ಣ, ಅತ್ತಿಗೆಯ ನುಡಿನಮನ ನೀನೇ ಮಾಡ್ಬೇಕು. ಬೇರೆಯವರನ್ನು ಕರೆದ್ರೆ ಜನ ಎಂಥ ಹೇಳಿಯಾರು?"

"ಮಾಡ್ತೇನೆ" ಎಂದೆ. ನನಗೆ ಅದೇನು ದೊಡ್ಡ ಸಂಗತಿ ಎಂದೇ ಅನಿಸಿತ್ತು. ಕೋಣೆಗೆ ಹೋಗಿ ಬಾಗಿಲು ಹಾಕಿ, ಆ ಹಾಳೆಯನ್ನು ತೆಗೆದು, ಹೆಸರಿನ ಜಾಗದಲ್ಲಿ ಸುಂದರಿ ಎಂದು ಬರೆದೆ. ಓದಿದೆ. ಅದರಲ್ಲಿ ಅವಳು ಎಲ್ಲಿಯೂ ಇರಲಿಲ್ಲ. ನಾನು ಇನ್ನೂರು ಮನೆಗಳಲ್ಲಿ ಓದಿದ ಹೆಂಗಸು ಅದು, ಯಾರೂ ಅಲ್ಲ. ಹಾಳೆ ಹರಿದು ಹೊಸದಾಗಿ ಬರೆಯಲು ಕೂತರೆ ಹೊರಗೆ ಪಾತ್ರೆ, ಮಕ್ಕಳು, ಟಿವಿ, ಅಡಿಕೆ ಹೋಳು ಮಾಡುವ ಸದ್ದು. ಮೂವತ್ತೆರಡು ವರ್ಷ ಆ ಮನೆ ತನ್ನಷ್ಟಕ್ಕೇ ನಿಶ್ಶಬ್ದವಾಗಿದೆ ಎಂದು ನಾನು ತಿಳಿದುಕೊಂಡಿದ್ದೆ.

ಮರುದಿನ ದೊಡ್ಡತ್ತೆ, ಅಪ್ಪನ ಅಕ್ಕ, ಇನ್ನೊಂದು ಕೇಳಿದರು. ಬೊಜ್ಜದ ಸಂಜೆ ಸತ್ತವರನ್ನು ಅಂಗಳದಿಂದ ಒಳಗೆ ಕರೆದು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಗೆ ಬಡಿಸಿ, ಬಾಗಿಲು ಹಾಕಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ನಮ್ಮ ಕ್ರಮ.

"ಪದ್ಮಾ, ಎಲೆಗೆ ಎಂಥ ಎಲ್ಲ ಬಡಿಸ್ಲಿಕ್ಕೆ? ಅವಳಿಗೆ ಇಷ್ಟದ್ದು ಎಂಥ?"

"ಬಂಗುಡೆ ಸಾರು" ಎಂದೆ ತಕ್ಷಣ.

"ಅದು ನಿನಗೆ ಇಷ್ಟದ್ದಲ್ವನಾ?" ಎಂದರು ಅತ್ತೆ.

ನನಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಆದರೆ ಮುಖ ತಿರುಗಿಸಿದ್ದು ಅತ್ತೆಯ ಕಡೆಗೇ. ಮಾರನೆಯ ಬೆಳಿಗ್ಗೆ ಕೈಚೀಲದಲ್ಲಿ ನಾಲ್ಕು ಹಾಳೆ, ಒಂದು ಪೆನ್ನು ಹಾಕಿಕೊಂಡು ಮನೆ ಬಿಟ್ಟೆ. ಎಲ್ಲಾದರೂ ಒಂದು ಕಡೆ ಸುಮ್ಮನೆ ಕೂತು ಬರೆಯಬೇಕು, ಅಷ್ಟೇ ನನಗೆ ಬೇಕಾದದ್ದು.

ಆದರೆ ಸೂತಕದವನು ಎಲ್ಲಿ ಕೂರುವುದು? ಯಾರ ಮನೆಯ ಮೆಟ್ಟಿಲೂ ಹತ್ತುವಂತಿಲ್ಲ. ದೇವಸ್ಥಾನದ ಜಗಲಿ ಇಲ್ಲ, ಭಜನಾ ಮಂದಿರ ಇಲ್ಲ. ಹತ್ತಿರದ ಪೇಟೆ ವಾಮದಪದವು. ಅಲ್ಲಿ ಪ್ರತಿ ಅಂಗಡಿಯವನೂ ಪರಿಚಯ, ಕಂಡಲ್ಲೆಲ್ಲ ಕೈ ಹಿಡಿದು ಸಮಾಧಾನ ಹೇಳುತ್ತಾರೆ. ಹಾಗಾಗಿ ದೂರದ ಬಸ್ಸು ಹತ್ತಿದೆ.

ಮೊದಲ ದಿನ ಬಂಟ್ವಾಳದ ಕಡೆ, ಬಿ.ಸಿ. ರೋಡಿಗೆ ಹೋದೆ. ಪೇಪರು ಓದುವ ಜಾಗವೊಂದು ಸಿಕ್ಕಿತು. ಉದ್ದ ಮೇಜು, ಮೇಲೆ ಫ್ಯಾನು. ಪೆನ್ನಿನ ಮುಚ್ಚಳ ತೆಗೆದಿದ್ದೆ ಅಷ್ಟೇ, ಎದುರಿನವರು ಪೇಪರು ತಗ್ಗಿಸಿ, "ನಿರೂಪಕರಲ್ವಾ? ಗಡ್ಡ ಯಾಕೆ ಬಿಟ್ಟದ್ದು?" ಎಂದರು. ಆಮೇಲೆ ಅವರ ಭಾವನ ಹೃದಯಾಘಾತ, ಷಡ್ಡಕನ ಹೃದಯಾಘಾತ, ಎಲ್ಲ ಕೇಳಿ ಮುಗಿಸುವಾಗ ಕೊನೆಯ ಬಸ್ಸಿಗೆ ಸ್ವಲ್ಪವೇ ಹೊತ್ತಿತ್ತು.

ಮತ್ತೊಂದು ದಿನ ಬೆಳ್ತಂಗಡಿ. ಸರ್ಕಾರಿ ಕಚೇರಿಯೊಂದರ ಜಗಲಿಯ ಬೆಂಚಿನ ಮೂಲೆ ತಣ್ಣಗಿತ್ತು. ಹಾಳೆ ತೊಡೆಯ ಮೇಲಿಟ್ಟು ಕೂತಿದ್ದೇ ತಪ್ಪಾಯಿತು. ಒಬ್ಬರು ಅಜ್ಜಿ ಬಂದು, "ಸ್ವಾಮೀ, ಪಿಂಚಣಿಗೆ ಒಂದು ಅರ್ಜಿ ಬರೆದುಕೊಡಿ" ಎಂದರು. ನಾನು ಅರ್ಜಿ ಬರೆಯುವವನಲ್ಲ ಎಂದರೆ ಕೇಳಿಸಲಿಲ್ಲ. ಬರೆದುಕೊಟ್ಟೆ. ಹತ್ತು ನಿಮಿಷದಲ್ಲಿ ಅವರ ಗಂಡನ ಹೆಸರು, ಕಾಲಿನ ನೋವು, ಸೋರುವ ಮಾಡು ಎಲ್ಲ ಒಂದು ಹಾಳೆಯಲ್ಲಿ ಬಂತು. ಗುರುತಿಲ್ಲದ ಅಜ್ಜಿಯ ಬಗ್ಗೆ ಒಂದು ಪುಟ ಬರೆದ ಕೈ, ಹೆಂಡತಿಯ ಹೆಸರಿನ ಕೆಳಗೆ ಒಂದು ಸಾಲು ಬರೆಯಲಿಲ್ಲ.

ಹತ್ತನೆಯ ದಿನ, ಮಂಗಳವಾರ, ಮೂಡುಬಿದಿರೆಗೆ ಹೋದೆ. ಬಸದಿಯ ಎದುರಿನ ಕಟ್ಟೆಯಲ್ಲಿ ಕೂತರೆ ಒಳಗಿನ ತಂಪು ಹೊರಗೂ ಬರುತ್ತಿತ್ತು. ಕಾವಲಿನವರು ನನ್ನನ್ನು ಕಂಡು, "ಬಿಸಿಲಿನಲ್ಲಿ ಯಾಕೆ ಕೂತದ್ದು? ಒಳಗೆ ಬನ್ನಿ, ಕಂಬದ ಹತ್ರ ಕೂತ್ಕೊಳ್ಳಿ, ಯಾರೂ ಎಬ್ಬಿಸುದಿಲ್ಲ" ಎಂದರು. "ಸೂತಕ ಉಂಟು" ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಯಾರು ಹೋದದ್ದು?" ಎಂದರು. "ಹೆಂಡತಿ" ಎಂದವನು ಮತ್ತೆ ಅಲ್ಲಿ ಕೂರಲಿಲ್ಲ. ಬೊಜ್ಜಕ್ಕೆ ಇನ್ನು ಮೂರೇ ದಿನವಿತ್ತು. ಹಾಳೆಗಳು ಬೆವರಿಗೆ ಮೆತ್ತಗಾಗಿದ್ದವು, ಅಕ್ಷರ ಮಾತ್ರ ಒಂದೂ ಇಲ್ಲ.

ಬಸ್ಸು ಬದಲಿಸಿ ವಾಮದಪದವಿನಲ್ಲಿ ಇಳಿದಾಗ ಎರಡು ಮುಕ್ಕಾಲು. ನಮ್ಮೂರು ನೆಲ್ಲಿಪದವಿಗೆ ಬಸ್ಸು ನಾಲ್ಕೂವರೆಗೆ. ತಲೆ ತಗ್ಗಿಸಿಕೊಂಡು ಅಂಗಡಿಸಾಲು ದಾಟಿದೆ. ಹಿಂಬದಿಯಲ್ಲಿ ಗ್ರಂಥಾಲಯದ ಬೋರ್ಡು ಕಂಡಿತು. ಅದರ ಉದ್ಘಾಟನೆಗೆ ಮೈಕು ಹಿಡಿದವನು ನಾನೇ. 'ಗ್ರಂಥಾಲಯವೆಂದರೆ ಜ್ಞಾನದ ದೇಗುಲ' ಎಂದು ಆರು ಸಲವಾದರೂ ಹೇಳಿದ್ದೆ. ಆಮೇಲೆ ಆ ಕಡೆ ತಲೆ ಹಾಕಿದವನಲ್ಲ.

ಒಳಗೆ ಎರಡು ಮೇಜು, ಎಂಟು ಕುರ್ಚಿ. ಒಬ್ಬರೂ ಇಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ದಿನ ಹುಡುಕಿದ್ದು ಮನೆಯಿಂದ ಎರಡು ಮೈಲಿ ದೂರದಲ್ಲಿತ್ತು. ಮೇಲ್ವಿಚಾರಕಿಯ ಮೇಜಿನ ಹಿಂದೆ ತಲೆಗೆ ಶಾಲು ಹೊದ್ದ, ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಮುರ್ಶಿದಾ ಎಂದು ಎದುರಿನ ಹಲಗೆಯಲ್ಲಿ ಬರೆದಿತ್ತು. ವಿಟ್ಲದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದದ್ದು ಎಂದು ಆಮೇಲೆ ತಿಳಿಯಿತು. ನನ್ನ ಗುರುತು ಅವಳಿಗಿಲ್ಲ. ಅದೇ ನನಗೆ ದೊಡ್ಡ ಸಮಾಧಾನ.

"ಪುಸ್ತಕದಲ್ಲಿ ಹೆಸರು, ಊರು ಬರೀರಿ ಸರ್."

ಬರೆದೆ. ಅವಳು ತಿರುಗಿಸಿ ನೋಡಿದಳು.

"ನೆಲ್ಲಿಪದವಾ? ಹಾಗಾದ್ರೆ ನಿಮಗೆ ಸುಂದರಿಯಕ್ಕ ಗೊತ್ತಿರ್ಬೇಕಲ್ಲ? ಬೀಡಿ ಕಟ್ಟುವವರು. ಹೋದ ಮಂಗಳವಾರ ಬರ್ಲಿಲ್ಲ, ಇವತ್ತೂ ಇಷ್ಟು ಹೊತ್ತಾಯ್ತು, ಕಾಣುದಿಲ್ಲ. ಹುಷಾರುಂಟಾ ಅವರು?"

ನನ್ನ ಬಾಯಿಯಿಂದ ಬಂದ ಮಾತನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. "ಯಾವ ಸುಂದರಿ?" ಎಂದು ಕೇಳಿದೆ.

"ಸಪೂರ, ಬೆಳ್ಳಗೆ, ಬಲಗೈ ಹೆಬ್ಬೆರಳಿಗೆ ಯಾವಾಗ್ಲೂ ಬಟ್ಟೆ ಸುತ್ತಿಕೊಂಡಿರ್ತಾರೆ. ನಾನು ಬಂದು ಮೂರು ವರ್ಷ, ಆಗಿಂದ ಒಂದು ಮಂಗಳವಾರವೂ ತಪ್ಪಿಸಿದವರಲ್ಲ. ಬ್ರಾಂಚಿನಲ್ಲಿ ಬೀಡಿ ಕೊಟ್ಟು ಎರಡೂವರೆಗೆ ಸೀದಾ ಇಲ್ಲಿಗೇ. ಎಲೆಯ ಚೀಲ ಹೊರಗೆ ಬಾಗಿಲ ಹತ್ರ ಇಡ್ತಾರೆ, ಪುಸ್ತಕಕ್ಕೆ ತಂಬಾಕಿನ ವಾಸನೆ ಹಿಡೀತದೆ ಅಂತ. ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೆಯೇ ಪುಸ್ತಕ ಮುಟ್ಟುದು. ನಾಲ್ಕೂವರೆಯ ಬಸ್ಸಿಗೆ ಹೋಗ್ತಾರೆ."

ನಾನು ಹತ್ತಿರದ ಕುರ್ಚಿಯ ಬೆನ್ನು ಹಿಡಿದುಕೊಂಡೆ.

ಮಂಗಳವಾರ ಬೀಡಿ ಬ್ರಾಂಚಿಗೆ ಹೋದವಳು ಮನೆಗೆ ಬರುವಾಗ ಐದು ದಾಟುತ್ತಿತ್ತು. ಬೀಡಿ ಕೊಟ್ಟು ಎಲೆ ತಂಬಾಕು ತರಲು ಇಷ್ಟು ಹೊತ್ತೇ ಎಂದರೆ, "ಕ್ಯೂ ಉಂಟು" ಎನ್ನುತ್ತಿದ್ದಳು. ನಾನು ಬಿಟ್ಟೇನೇ? 'ಬೀಡಿ ಬ್ರಾಂಚುಗಳಲ್ಲಿ ಮಹಿಳೆಯರ ಗೋಳು' ಎಂದು ಅರ್ಧ ಪುಟದ ಅಂಕಣ ಬರೆದೆ. ಹೆಂಗಸರ ಸಮಯಕ್ಕೆ ಬೆಲೆಯೇ ಇಲ್ಲವೇ ಎಂದು ಗುಡುಗಿದೆ. ಬ್ರಾಂಚಿನವರು ಮನೆಗೇ ಬಂದು, "ನಮ್ಮಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಯಾರನ್ನೂ ನಿಲ್ಲಿಸುದಿಲ್ಲ ಮಾರಾಯ್ರೇ, ನಿಮ್ಮ ಹೆಂಡತಿಯನ್ನೇ ಕೇಳಿ" ಎಂದು ಗೋಗರೆದರು. ನಾನು ಅವರನ್ನೇ ಬೈದು ಕಳಿಸಿದ್ದೆ. ಸುಂದರಿ ಅವರಿಗೆ ಚಾ ಕೊಟ್ಟು, ಲೋಟ ತೊಳೆಯಲು ಹೋದಳು.

ಮುರ್ಶಿದಾ ಎದ್ದು ಹೋಗಿ ತನ್ನ ಕಪಾಟಿನಿಂದ ಕಂದು ಕಾಗದದ ಹೊದಿಕೆಯ ದಪ್ಪ ಕಾದಂಬರಿಯೊಂದನ್ನು ತಂದಳು. ನಡುವೆ ಒಂದು ಒಣಗಿದ ಬೀಡಿ ಎಲೆ ಇತ್ತು. ನಮ್ಮ ಮನೆಯ ಕತ್ತರಿಯಲ್ಲಿ, ಸುಂದರಿಯ ಅಳತೆಗೆ ಕತ್ತರಿಸಿದ ಎಲೆ.

"ಗುರುತಿಗೆ ಅವರೇ ಇಟ್ಟದ್ದು. ಬೇರೆ ಯಾರಿಗಾದ್ರೂ ಕೊಟ್ರೆ ಎಲೆ ಬಿದ್ದುಹೋಗ್ತದೆ ಅಂತ ನಾನು ತೆಗೆದಿಟ್ಟೆ. ಒಂದು ಸಲ ಹೀಗೆ ಓದ್ತಾ ಓದ್ತಾ ಜೋರಾಗಿ ನಗಾಡಿದ್ರು. ಮತ್ತೆ ಬಾಯಿಗೆ ಸೆರಗು ಇಟ್ಟುಕೊಂಡು, 'ಇಲ್ಲಿ ನಗಾಡ್ಬಹುದಾ ಮಗಾ?' ಅಂತ ಕೇಳಿದ್ರು ನನ್ನತ್ರ."

ಸುಂದರಿ ಜೋರಾಗಿ ನಕ್ಕದ್ದನ್ನು ನೆನಪಿಸಿಕೊಳ್ಳಲು ನೋಡಿದೆ. ಮದುವೆಯ ಹೊಸತರಲ್ಲಿ ಒಮ್ಮೆ ನಕ್ಕಿದ್ದಳು. ಆಗ ನಾನು ಏನೋ ಬರೆಯುತ್ತಿದ್ದೆ.

"ಕಾರ್ಡ್ ಮಾಡಿಸಿ ಮನೆಗೇ ಕೊಂಡುಹೋಗಿ ಅಂತ ಎಷ್ಟು ಸಲ ಹೇಳಿದೆ ಸರ್. 'ಬೇಡ ಮಗಾ, ನಮ್ಮಲ್ಲಿ ಓದ್ಲಿಕ್ಕೆ ಜಾಗ ಇಲ್ಲ' ಅಂತಿದ್ರು. ಪಾಪ, ತೀರಾ ಸಣ್ಣ ಮನೆಯಾ ಅವರದ್ದು?"

ನಮ್ಮದು ಐದು ಕೋಣೆಯ ಮನೆ. ಅದರಲ್ಲಿ ಒಂದು ನನ್ನ ಬರೆಯುವ ಕೋಣೆ: ಕಿಟಕಿ, ಮೇಜು, ಫ್ಯಾನು, ಗಾಜಿನ ಕಪಾಟಿನ ತುಂಬ ಸನ್ಮಾನಗಳಲ್ಲಿ ಸಿಕ್ಕ ಪುಸ್ತಕಗಳು. ಕಪಾಟಿಗೆ ಬೀಗ. ಸುಂದರಿ ಆ ಗಾಜನ್ನು ಎರಡು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬೀಗದ ಕೈ ನನ್ನ ಉಡಿದಾರದಲ್ಲಿ.

"ಸುಂದರಿ ತೀರಿಹೋಗಿ ಇವತ್ತಿಗೆ ಹತ್ತು ದಿನ. ನಾನು ಅವಳ ಗಂಡ" ಎಂದೆ.

ಮುರ್ಶಿದಾ ಬಾಯಿಗೆ ಕೈ ಇಟ್ಟುಕೊಂಡಳು. ತುಟಿಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ಹಾಜರಿ ಪುಸ್ತಕದಲ್ಲಿದ್ದ ನನ್ನ ಹೆಸರನ್ನು ಮತ್ತೊಮ್ಮೆ ನೋಡಿ, "ನೀವಾ ಬರೆಯುವವರು?" ಎಂದಳು. "ಹೇಳ್ತಿದ್ರು. 'ನಮ್ಮವರು ಬರೀತಾರೆ ಮಗಾ, ಅವರಿಗೆ ಸದ್ದಾಗ್ಬಾರ್ದು' ಅಂತ. ದೂರು ಹೇಳಿದ್ದಲ್ಲ ಸರ್. ಹೆಮ್ಮೆಯಲ್ಲೇ ಹೇಳ್ತಿದ್ದದ್ದು."

ದೂರು ಹೇಳಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅಲ್ಲಿಯೇ ಅತ್ತುಬಿಟ್ಟೆ. ಹತ್ತು ದಿನ ಹದಿನೆಂಟು ಜನರ ನಡುವೆ ಬಾರದ ಅಳು, ಗುರುತಿಲ್ಲದ ಹುಡುಗಿಯೊಬ್ಬಳ ಎದುರು ಬಂತು. ಅವಳು ಒಂದು ಲೋಟ ನೀರು ಇಟ್ಟು, ಪುಸ್ತಕ ಜೋಡಿಸುವ ನೆಪದಲ್ಲಿ ಆಚೆ ಹೋದಳು.

ಕಿಟಕಿಯ ಹತ್ತಿರದ ಕುರ್ಚಿ ಸುಂದರಿಯದ್ದು ಎಂದು ಮುರ್ಶಿದಾ ತೋರಿಸಿದ್ದಳು. ನಾನು ಅದರ ಎದುರಿನದ್ದರಲ್ಲಿ ಕೂತೆ. ಹಾಳೆ ಬಿಡಿಸಿದೆ. ಬರೆಯಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಬೆಳಕು ಗಿಳಕು ಎಂದು ಏನೂ ಬರೆಯಲಿಲ್ಲ. ಸುಂದರಿ ಏಳನೆಯ ಕ್ಲಾಸು ಓದಿದವಳು, ಪ್ರತಿ ಮಂಗಳವಾರ ಎರಡು ಗಂಟೆ ಕಾದಂಬರಿ ಓದುತ್ತಿದ್ದಳು, ಅದಕ್ಕಾಗಿ ಎರಡು ಮೈಲಿ ಬರುತ್ತಿದ್ದಳು, ಏಕೆಂದರೆ ಮನೆಯಲ್ಲಿದ್ದ ಜಾಗವನ್ನೆಲ್ಲ ನಾನು ಹಿಡಿದುಕೊಂಡಿದ್ದೆ. ಅವಳು ಹೋದ ದಿನ ಮನೆ ಏಕೆ ಅಷ್ಟು ನಿಶ್ಶಬ್ದವಾಗಿತ್ತು ಎಂಬುದನ್ನೂ ಬರೆದೆ. ಅರ್ಧ ಪುಟವಾಯಿತು.

ಹೊರಡುವಾಗ ಆ ಕಾದಂಬರಿಯನ್ನು ಕೇಳಿದೆ. "ನನ್ನ ಹೆಸರಿನಲ್ಲೇ ಬರೆದುಕೊಳ್ತೇನೆ, ಕೊಂಡುಹೋಗಿ" ಎಂದಳು ಮುರ್ಶಿದಾ. "ನೂರು ಪುಟ ಬಾಕಿ ಉಂಟು ಅವರಿಗೆ." ಶುಕ್ರವಾರ ಬೊಜ್ಜಕ್ಕೆ ಬರಬೇಕೆಂದು ಕೇಳಿಕೊಂಡೆ.

ಶುಕ್ರವಾರ ಅಂಗಳದ ಚಪ್ಪರದಡಿ ಮುನ್ನೂರು ಜನ ಸೇರಿದ್ದರು. ಪತ್ರಿಕೆಯ ಸಂಪಾದಕರು ಬಂದಿದ್ದರು, ಸೊಸೈಟಿಯವರು ಬಂದಿದ್ದರು, ಬ್ರಾಂಚಿನವರೂ ಬಂದಿದ್ದರು. ಹೆಂಗಸರ ಕೊನೆಯ ಸಾಲಿನಲ್ಲಿ ಮುರ್ಶಿದಾ ಕೂತಿದ್ದಳು. ವಸಂತ ಮೈಕು ಕೊಟ್ಟ. ಅಂಗಿಯ ಜೇಬಿನಲ್ಲಿ ಆ ಅರ್ಧ ಪುಟ ಇತ್ತು. ಜೇಬಿಗೆ ಕೈ ಹಾಕುವ ಮೊದಲು ಗಂಟಲು ಸರಿಮಾಡಿಕೊಂಡು, "ಆತ್ಮೀಯರೇ" ಎಂದೆ.

ಅಲ್ಲಿಗೆ ನನ್ನ ಕತೆ ಮುಗಿಯಿತು. ಮೂವತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಟಿತು. "ಸದ್ಗೃಹಿಣಿಯಾಗಿ, ಮನೆಯ ಬೆಳಕಾಗಿ, ತೆರೆಮರೆಯಲ್ಲಿ ನಿಂತು..." ಏರಿಳಿತ ಸರಿಯಾಗಿಯೇ ಇತ್ತು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದೆ, ಸ್ವರ ನಡುಗಿಸಬೇಕಾದಲ್ಲಿ ನಡುಗಿಸಿದೆ. ಬ್ರಾಂಚಿನವರು ಎದುರಿಗೇ ಕೂತಿದ್ದಾರೆ, ಸಂಪಾದಕರು ತಲೆದೂಗುತ್ತಿದ್ದಾರೆ, ಈಗ ಜೇಬಿನಿಂದ ಆ ಕಾಗದ ತೆಗೆದರೆ ನಾನು ಏನಾಗುತ್ತೇನೆ ಎಂಬ ಹೆದರಿಕೆ ಮಾತಿನ ಜೊತೆಜೊತೆಗೇ ಓಡುತ್ತಿತ್ತು. ಮುರ್ಶಿದಾ ಮೊದಲು ನನ್ನನ್ನೇ ನೋಡುತ್ತಿದ್ದಳು, ಆಮೇಲೆ ತಲೆ ತಗ್ಗಿಸಿದಳು. ಐದು ನಿಮಿಷಕ್ಕೆ ಸರಿಯಾಗಿ ಮುಗಿಸಿದೆ.

"ಒಳ್ಳೆ ಮಾತಾಡಿದಿ ಅಣ್ಣ, ಜನ ಅತ್ತರು" ಎಂದ ವಸಂತ.

ಊಟ ಮುಗಿಸಿ ಹೋಗುವಾಗ ಮುರ್ಶಿದಾ ನನ್ನ ಹತ್ತಿರ ನಿಂತು, "ಬರ್ತೇನೆ ಸರ್" ಎಂದಳು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರಷ್ಟೇ ಉಳಿದಿದ್ದೆವು. ಅಂಗಳದಲ್ಲಿ ಅಡುಗೆಯವರು ದೊಡ್ಡ ಪಾತ್ರೆಗಳನ್ನು ಉಜ್ಜಿ ಪಿಕಪ್ಪಿಗೆ ತುಂಬುತ್ತಿದ್ದರು. ಒಳಗೆ ಕರೆಯುವ ಹೊತ್ತಾಯಿತೆಂದು ದೊಡ್ಡತ್ತೆ ಬಾಳೆ ಎಲೆ ತೊಳೆದು, ಚಾವಡಿಯ ಮೂಲೆಯಲ್ಲಿ ಮಣೆ ಇಡಲು ಹೊರಟರು.

"ಅಲ್ಲಿ ಬೇಡ ಅತ್ತೆ. ನನ್ನ ಕೋಣೆಯಲ್ಲಿ ಇಡುವ" ಎಂದೆ.

"ಬರೆಯುವ ಕೋಣೆಯಲ್ಲಾ? ಇದೆಂಥ ಹೊಸ ಕ್ರಮ?"

"ಮೇಜಿನ ಮೇಲೆಯೇ ಇಡುವ. ಕುರ್ಚಿಯೂ ಇರ್ಲಿ."

ವಸಂತ ಅತ್ತೆಯ ಕೈಯಿಂದ ಮಣೆ ತೆಗೆದು ಗೋಡೆಗೆ ಒರಗಿಸಿದ. ಮೇಜಿನ ಮೇಲಿದ್ದ ನನ್ನ ಹಾಳೆ, ಫೈಲುಗಳನ್ನೆಲ್ಲ ತೆಗೆದು ಕೆಳಗಿಟ್ಟೆ. ಅತ್ತೆ ಎಲೆ ಹಾಕಿ ಬಡಿಸಿದರು. ನಾನು ಚೀಲದಿಂದ ಆ ಕಾದಂಬರಿ ತೆಗೆದು, ಬೀಡಿ ಎಲೆ ಇದ್ದ ಪುಟ ಬಿಡಿಸಿ, ಬಾಳೆ ಎಲೆಯ ಪಕ್ಕದಲ್ಲಿಟ್ಟೆ. ಜೇಬಿನ ಅರ್ಧ ಪುಟವನ್ನು ಅದರ ಕೆಳಗೆ ಸೇರಿಸಿದೆ. ಮುನ್ನೂರು ಜನರ ಎದುರು ಓದಲಾಗದ್ದನ್ನು ಅವಳೊಬ್ಬಳಾದರೂ ಓದಲಿ ಎಂದು. ಉಡಿದಾರದಿಂದ ಬೀಗದ ಕೈ ಬಿಚ್ಚಿ ಕಪಾಟು ತೆರೆದಿಟ್ಟೆ.

"ಪುಸ್ತಕ ಯಾಕೆ?" ಎಂದರು ಅತ್ತೆ.

"ಅವಳಿಗೆ ಇಷ್ಟದ್ದು ಎಂಥ ಅಂತ ಕೇಳಿದ್ರಲ್ಲ."

ಬಾಗಿಲಲ್ಲಿ ನಿಂತಿದ್ದ ವಿಸ್ಮಿತಾ ಬಿಕ್ಕಿದಳು. ಅವಳ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತು ಅಪ್ಪ. ಹೇಳ್ಬೇಡ ಅಂದಿದ್ರು ಅಮ್ಮ. 'ಕ್ಯೂ ಇಲ್ಲ ಅಂತ ಗೊತ್ತಾದ್ರೆ ಅವರು ಪೇಪರಿನಲ್ಲಿ ಬರೆದದ್ದು ಸುಳ್ಳಾಗ್ತದೆ, ಅವರಿಗೆ ಬೇಜಾರಾಗ್ತದೆ' ಅಂತ."

ಎಲ್ಲರೂ ಅಂಗಳಕ್ಕೆ ಇಳಿದೆವು. ಕರೆಯಬೇಕಾದವನು ನಾನೇ. ಮೈಕಿಲ್ಲದೆ, ಅಭ್ಯಾಸದ ಸ್ವರವಿಲ್ಲದೆ, "ಬಾ ಸುಂದರಿ, ಒಳಗೆ ಬಾ" ಎಂದೆ. ಮೂರು ಸಲ ಕರೆದು, ಅವಳನ್ನು ಮುಂದೆ ಬಿಟ್ಟವನಂತೆ ದಾರಿ ಕೊಟ್ಟು, ಕೋಣೆಯವರೆಗೆ ಹೋಗಿ ಬಾಗಿಲು ಎಳೆದುಕೊಂಡೆ. ಆ ಬಾಗಿಲನ್ನು ನಾನು ಹೊರಗಿನಿಂದ ಹಾಕಿದ್ದು ಅದೇ ಮೊದಲು.

ಒಂದು ವೀಳ್ಯ ಜಗಿದು ಮುಗಿಯುವಷ್ಟು ಹೊತ್ತು ಕಾದು ಬಾಗಿಲು ತೆಗೆಯುವುದು ಪದ್ಧತಿ. ಅತ್ತೆ ಕೆಮ್ಮಿ, ಚಿಲಕಕ್ಕೆ ಕೈ ಹಾಕಿದರು.

"ಇರ್ಲಿ ಅತ್ತೆ. ಅವಳಿಗೆ ಎರಡು ಗಂಟೆ ಬೇಕು."

ಅಂಗಳದಲ್ಲಿ ಅಡುಗೆಯವರು ಕೊಪ್ಪರಿಗೆಯೊಂದನ್ನು ದಡಾರನೆ ಪಿಕಪ್ಪಿಗೆ ಎಸೆದರು. ನಾನು ಜಗಲಿಗೆ ಹೋಗಿ ಬಾಯಿಗೆ ಬೆರಳಿಟ್ಟೆ.

"ಗಲಾಟೆ ಮಾಡ್ಬೇಡಿ. ಅವಳು ಓದ್ತಿದ್ದಾಳೆ."

ಅವರು ಕೈಯಲ್ಲಿದ್ದದ್ದನ್ನು ಮೆಲ್ಲಗೆ ಕೆಳಗಿಟ್ಟರು. ನಾನು ಒಳಗೆ ಬಂದು, ಚಾವಡಿಯಲ್ಲಿ ಅವಳು ಬೀಡಿ ಕಟ್ಟುತ್ತಿದ್ದ ಜಾಗದಲ್ಲಿ ಕುಳಿತೆ.